ಬೆಸ್ಟ್ ಪಿಜ್ಜಾದ ಬಿಲ್ಲು

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಒಂದು ತಿಂಗಳ ಇಂಟರ್ನ್‌ಷಿಪ್‌ಗೆಂದು ಬೆಂಗಳೂರಿಗೆ ಹೋಗಿದ್ದೆ. ಜಯನಗರದ ಒಂದು ಪಿ.ಜಿ.ಯಲ್ಲಿ ನಾಲ್ಕು ಜನ, ಒಂದೇ ರೂಮು. ಮಂಡ್ಯದವನೊಬ್ಬ, ಪುತ್ತೂರಿನವನೊಬ್ಬ, ಬೀದರ್‌ನವನೊಬ್ಬ, ಮತ್ತೆ ನಾನು. ಒಂದು ರಾತ್ರಿ ಪಿ.ಜಿ.ಯ ಅನ್ನ-ಸಾರು ಗಂಟಲಲ್ಲಿ ಇಳಿಯದೆ ಎಲ್ಲರೂ ಮೊಬೈಲ್ ಹಿಡಿದು ಕೂತಾಗ ಶುರುವಾಗಿದ್ದು ಈ ಜಗಳ: ಬೆಂಗಳೂರಿನ ಬೆಸ್ಟ್ ಪಿಜ್ಜಾ ಎಲ್ಲಿ ಸಿಗುತ್ತದೆ?

‘ಮಗಾ, ಪಿಜ್ಜಾ ಅಂದ್ರೆ ಚೀಸ್ ಕಣೋ. ಎಳೆದ್ರೆ ಮೊಣಕೈವರೆಗೂ ಬರ್ಬೇಕು’ ಅಂದ ಮಂಡ್ಯದವನು. ‘ಚೀಸ್ ಎಲ್ಲ ಕಡೆ ಒಂದೇ ಮಾರಾಯ, ಬೇಸ್ ನೋಡ್ಬೇಕು’ ಅಂದ ಪುತ್ತೂರಿನವನು. ಬೀದರ್‌ನವನು ಏನೂ ಮಾತಾಡದೆ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮಾಡಿದ. ಬೇಸ್‌ಗೆ ಇಷ್ಟು ಮಾರ್ಕ್ಸ್, ಸಾಸ್‌ಗೆ ಇಷ್ಟು, ಚೀಸ್‌ಗೆ ಇಷ್ಟು, ರೇಟಿಗೆ ಇಷ್ಟು. ನಾಲ್ಕು ಭಾನುವಾರ, ನಾಲ್ಕು ಪಿಜ್ಜಾ. ಎಂಜಿನಿಯರಿಂಗ್ ಓದಿದವರ ಹಣೆಬರಹವೇ ಇಷ್ಟು, ತಿನ್ನುವುದಕ್ಕೂ ಟೇಬಲ್ ಬೇಕು.

ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ. ನನಗೆ ಗೊತ್ತಿದ್ದ ಪಿಜ್ಜಾ ವಿಜಯಪುರದ ಬೇಕರಿಯದು. ಬನ್ನಿನಂಥ ದಪ್ಪ ಬೇಸು, ಮೇಲೆ ಸಾಸು, ಉಳ್ಳಾಗಡ್ಡಿ, ಡೊಣ್ಣ ಮೆಣಸಿನಕಾಯಿ, ತುರಿದ ಚೀಸು. ಕಾಲೇಜು ಬಿಟ್ಟ ಮೇಲೆ ಇಬ್ಬರು ಸೇರಿ ಒಂದು ತಗೊಂಡು ನಿಂತೇ ತಿಂದು ತೊರವಿ ಬಸ್ಸು ಹತ್ತುತ್ತಿದ್ದೆವು. ಅದರ ಬಗ್ಗೆ ನಾನು ಇವತ್ತಿಗೂ ಹಗುರವಾಗಿ ಮಾತಾಡುವುದಿಲ್ಲ.

ತೊರವಿ ಅಂದರೆ ಎಲ್ಲಿ ಅಂತ ಕೇಳಿದರು. ವಿಜಯಪುರದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್, 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ನವರಸಪುರ ಅನ್ನುವ ಹೊಸ ಪಟ್ಟಣ ಕಟ್ಟಿಸಲು ಹೊರಟಿದ್ದು ಅಲ್ಲೇ, ಸಂಗೀತ ಮಹಲ್ ಈಗಲೂ ಪಾಳುಬಿದ್ದು ನಿಂತಿದೆ, ಕುಮಾರ ವಾಲ್ಮೀಕಿಯ ‘ತೊರವೆ ರಾಮಾಯಣ’ ನಮ್ಮೂರ ಹೆಸರಿನದೇ ಅಂತೆಲ್ಲ ಹೇಳಿದೆ. ಊರಿನ ಬಗ್ಗೆ ಹೇಳುವಾಗ ಎದೆ ಉಬ್ಬಿತ್ತು. ‘ಮನೇಲಿ ಏನ್ ಮಾಡ್ತಾರೆ?’ ಅಂದಾಗ ಮಾತ್ರ ‘ಅಪ್ಪ ಹೊಲ ನೋಡ್ಕೋತಾನ, ಅವ್ವ ಮನ್ಯಾಗ ಇರ್ತಾಳ’ ಅಂದುಬಿಟ್ಟೆ. ಅವ್ವ ಮನೆಯಲ್ಲಿ ಇರುವುದು ಸುಳ್ಳಲ್ಲ. ಆದರೆ ಮನೆಯಲ್ಲಿ ಕೂತು ದಿನಾ ಬೆಳಿಗ್ಗೆ ಖಾನಾವಳಿಯೊಂದಕ್ಕೆ 120 ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ ಅನ್ನುವುದನ್ನು ನುಂಗಿಕೊಂಡೆ. ನನ್ನ ಪಿ.ಜಿ. ಬಾಡಿಗೆಯೂ ಅದೇ ರೊಟ್ಟಿಯಿಂದ ಬಂದದ್ದು.

ಮೊದಲ ಭಾನುವಾರ ಮಾಲ್‌ನ ಒಳಗಿನ ಚೈನ್ ಅಂಗಡಿಗೆ ಹೋದೆವು. ಪಿಜ್ಜಾ ಹಟ್ ಭಾರತದಲ್ಲಿ ತನ್ನ ಮೊದಲ ಅಂಗಡಿ ತೆರೆದದ್ದು ಬೆಂಗಳೂರಿನಲ್ಲೇ, 1996ರಲ್ಲಿ. ಅದೇ ವರ್ಷ ಡಾಮಿನೋಸ್ ದೆಹಲಿಯಲ್ಲಿ ಬಾಗಿಲು ತೆಗೆದಿತ್ತು. ಆ ಹೊತ್ತಿಗೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೆಂಗಳೂರಿನ ಕೆಎಫ್‌ಸಿ ವಿರುದ್ಧ ಬೀದಿಗಿಳಿದಿತ್ತು. ಅದೆಲ್ಲ ನಾವು ಹುಟ್ಟುವ ಮೊದಲಿನ ಮಾತು. ನಮಗೆ ಬುದ್ಧಿ ಬರುವಷ್ಟರಲ್ಲಿ ಪಿಜ್ಜಾ ಹುಟ್ಟುಹಬ್ಬದ ಊಟವಾಗಿತ್ತು. ಚೈನ್ ಅಂಗಡಿಯ ಪಿಜ್ಜಾ ಚೆನ್ನಾಗಿಯೇ ಇತ್ತು, ಎಲ್ಲ ಊರಲ್ಲೂ ಇರುವ ಹಾಗೆಯೇ ಇತ್ತು. ಸಾವಿರ ಕಡೆ ಒಂದೇ ರುಚಿ ಕೊಡುವುದು ಸಣ್ಣ ಕೆಲಸವಲ್ಲ ಅಂತ ನಾನು ವಾದಿಸಿದೆ. ಯಾರೂ ಕೇಳಲಿಲ್ಲ, ಹತ್ತಕ್ಕೆ ಆರು ಹಾಕಿದರು.

ಎರಡನೇ ಭಾನುವಾರ ಇಂದಿರಾನಗರ. ಸಾಲು ದೊಡ್ಡದಿತ್ತು, ಪಿಜ್ಜಾ ಸಾಧಾರಣ, ಸೆಲ್ಫಿ ಚೆನ್ನಾಗಿ ಬಂತು. ಆ್ಯಪ್‌ನಲ್ಲಿ ಆ ಅಂಗಡಿಗೆ ಇದ್ದ ಸ್ಟಾರುಗಳಲ್ಲಿ ಅರ್ಧದಷ್ಟು ಅಲ್ಲಿನ ಲೈಟಿಂಗಿಗೆ ಬಿದ್ದವು ಅಂತ ನನ್ನ ಅನುಮಾನ.

ಮೂರನೇ ಭಾನುವಾರ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಎಂ.ಜಿ. ರೋಡಿಗೆ ಇಳಿದು ಚರ್ಚ್ ಸ್ಟ್ರೀಟಿಗೆ ನಡೆದೆವು. ಅಲ್ಲಿ ಕಟ್ಟಿಗೆ ಒಲೆಯ ಪಿಜ್ಜಾ. ಮೆನುವಿನಲ್ಲೇ ಬರೆದಿದ್ದರು: ಹಿಟ್ಟನ್ನು ಮೂರು ದಿನ ಹುದುಗಲು ಇಡುತ್ತೇವೆ, ಕೈಯಲ್ಲೇ ತಟ್ಟುತ್ತೇವೆ. ಅಡುಗೆಮನೆಗೆ ಗೋಡೆ ಇಲ್ಲ. ನಮ್ಮದೇ ವಯಸ್ಸಿನ ಹುಡುಗನೊಬ್ಬ ಹಿಟ್ಟಿನ ಉಂಡೆ ತೆಗೆದು ಬೆರಳ ತುದಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋದ. ಅಂಚನ್ನು ಮಾತ್ರ ಮುಟ್ಟಲಿಲ್ಲ. ಎರಡೂ ಕೈಯ ಮೇಲೆ ಹಾಕಿ ತಿರುಗಿಸಿದ. ಅವನ ಕೈ ನೋಡುತ್ತಾ ನಿಂತವನಿಗೆ ನನ್ನ ಕಾಲು ಬೇರೆಲ್ಲೋ ಇದ್ದ ಹಾಗೆ ಅನಿಸಿತು. ಆ ಲಯ ನನಗೆ ಗೊತ್ತಿದ್ದದ್ದು.

ಒಲೆಗೆ ಹಾಕಿದಾಗ ಮೊಬೈಲ್‌ನಲ್ಲಿ ಟೈಮ್ ಹಿಡಿದೆ. ಒಂದೂವರೆ ನಿಮಿಷ! ಇಟಲಿಯ ನೇಪಲ್ಸ್ ಪದ್ಧತಿಯೇ ಹಾಗಂತೆ, ಒಲೆಯೊಳಗೆ 400 ಡಿಗ್ರಿಗೂ ಮೇಲೆ ಬಿಸಿ, 60ರಿಂದ 90 ಸೆಕೆಂಡಿನ ಬೇಯುವಿಕೆ. ಕೆಳಗಿನ ಕಲ್ಲಿನಿಂದ ತಳ ಬೇಯುತ್ತದೆ, ಗುಮ್ಮಟದಂಥ ಮೇಲ್ಛಾವಣಿಯಿಂದ ಬರುವ ಕಾವು ಮೇಲ್ಭಾಗ ಬೇಯಿಸುತ್ತದೆ. ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ನಾನು ಬರೆಯಲಾಗದೆ ಬಿಟ್ಟುಬಂದ ಉತ್ತರ ಅಲ್ಲಿ ಬೆಂಕಿಯೊಳಗೆ ಕಾಣಿಸುತ್ತಿತ್ತು. ಅಂಚು ಉಬ್ಬಿ, ಅಲ್ಲಲ್ಲಿ ಕರಿ ಚುಕ್ಕೆ ಬಿದ್ದು ಬಂತು. ಟೊಮೆಟೊ, ಚೀಸು, ನಾಲ್ಕು ತುಳಸಿಯಂಥ ಎಲೆ. ಬೇರೇನಿಲ್ಲ.

ನಿಜ ಹೇಳುತ್ತೇನೆ, ಅದು ಅದ್ಭುತವಾಗಿತ್ತು. ಪಿಜ್ಜಾ ಬೈದು ರೊಟ್ಟಿ ಹೊಗಳುವ ಲೇಖನ ಇದು ಅಂದುಕೊಂಡವರು ಇಲ್ಲಿಗೆ ನಿಲ್ಲಿಸಬಹುದು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೂರು ದಿನದ ಹುದುಗಿನ ಸಣ್ಣ ಹುಳಿ. ಬೆಂಗಳೂರಿನ ಬೆಸ್ಟ್ ಇದೇ ಅಂತ ನಾಲ್ವರೂ ಒಪ್ಪಿದೆವು. ಎಕ್ಸೆಲ್‌ನಲ್ಲಿ ಒಂಬತ್ತು ಬಿತ್ತು. ಮಂಡ್ಯದವನು ಹಿಟ್ಟು ತಟ್ಟಿದ ಹುಡುಗನನ್ನು ಕರೆದು ಅವನ ಜೊತೆ ಫೋಟೊ ತೆಗೆಸಿಕೊಂಡ.

ಬಿಲ್ಲು 1,480 ರೂಪಾಯಿ. ತಲೆಗೆ 370.

ಲೆಕ್ಕ ಹಾಕಬಾರದಿತ್ತು, ಹಾಕಿದೆ. ಅವ್ವನಿಗೆ ಖಾನಾವಳಿಯವರು ಜೋಳದ ಹಿಟ್ಟು ಕಳಿಸುತ್ತಾರೆ. ಒಲೆ ನಮ್ಮದು, ಕೈ ಅವಳದು. ರೊಟ್ಟಿಗೆ ಮೂರು ರೂಪಾಯಿ. 120 ರೊಟ್ಟಿಗೆ 360. ಅವಳು ನಸುಕಿನ ನಾಲ್ಕೂವರೆಗೆ ಎದ್ದು ಒಂಬತ್ತರವರೆಗೆ ಒಲೆ ಮುಂದೆ ಕೂತು ದುಡಿದದ್ದಕ್ಕಿಂತ ನನ್ನ ಪಾಲಿನ ಬಿಲ್ಲು ಹತ್ತು ರೂಪಾಯಿ ಜಾಸ್ತಿ.

ಪಾಪಪ್ರಜ್ಞೆಯ ಕಥೆ ಹೇಳಲು ಇದನ್ನು ಬರೆಯುತ್ತಿಲ್ಲ. 370 ಕೊಟ್ಟದ್ದು ಹೆಚ್ಚಾಯಿತು ಅಂತಲೂ ನನಗೆ ಅನಿಸಿಲ್ಲ. ಮೂರು ದಿನ ಕಾದ ಹಿಟ್ಟು, ಕಟ್ಟಿಗೆ, ಕೈಚಳಕ, ಚರ್ಚ್ ಸ್ಟ್ರೀಟಿನ ಬಾಡಿಗೆ, ಎಲ್ಲಕ್ಕೂ ಬೆಲೆ ಇದೆ. ನನ್ನನ್ನು ಕಾಡಿದ್ದು ಬೇರೆ. ಆ ಕೈಗೆ ಬೆಲೆ ಇದೆ ಅನ್ನುವುದು ನಮಗೆ ಅಷ್ಟು ಸಲೀಸಾಗಿ ತಿಳಿದಿದ್ದು ಹೇಗೆ, ಈ ಕೈಗೆ ಇದೆ ಅನ್ನುವುದು ಯಾಕೆ ಹೊಳೆಯಲಿಲ್ಲ?

ಯಾಕೆಂದರೆ ಕಷ್ಟದ ವಿಷಯಕ್ಕೆ ಬಂದರೆ ಜೋಳದ ರೊಟ್ಟಿ ಪಿಜ್ಜಾಕ್ಕಿಂತ ಒಂದು ಕೈ ಮೇಲು. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಇದೆ, ನೀರು ಹಾಕಿ ನಾದಿದರೆ ರಬ್ಬರಿನಂತೆ ಎಳೆಯುತ್ತದೆ, ಗಾಳಿಗುಳ್ಳೆ ಹಿಡಿದಿಡುತ್ತದೆ. ಜೋಳದಲ್ಲಿ ಅದಿಲ್ಲ. ತಣ್ಣೀರಲ್ಲಿ ಕಲಸಿದರೆ ಹಿಟ್ಟು ಬಿರಿಯುತ್ತದೆ. ಅದಕ್ಕೇ ಅವ್ವ ಎಸರು ಇಡುವುದು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ. ಅವಳ ಭಾಷೆಯಲ್ಲಿ ಅದಕ್ಕೆ ‘ಜಿಗಿ ಬರೂದು’ ಅನ್ನುತ್ತಾರೆ. ಕೈ ಸುಡುವಾಗಲೇ ನಾದಬೇಕು. ಆಮೇಲೆ ಅಂಗೈಯಲ್ಲಿ ಬಡಿಯುತ್ತಾ, ತಿರುಗಿಸುತ್ತಾ, ಹರಿಯದ ಹಾಗೆ ಹಂಚಿನಷ್ಟು ಅಗಲ ಮಾಡಬೇಕು. ಲಟ್ಟಣಿಗೆ ಇಲ್ಲ, ಅಳತೆ ಇಲ್ಲ. ಹಂಚಿಗೆ ಹಾಕಿ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿದರೆ ಒಳಗಿನ ಹಬೆಯೇ ಅದನ್ನು ಚೆಂಡಿನಂತೆ ಉಬ್ಬಿಸುತ್ತದೆ. ಹುದುಗು ಬೇಡ, ಯೀಸ್ಟ್ ಬೇಡ. ನಾನು ಒಮ್ಮೆ ಪ್ರಯತ್ನಿಸಿದ್ದೆ. ಬಂದದ್ದು ಕರ್ನಾಟಕದ ನಕ್ಷೆಯೂ ಅಲ್ಲ.

ಹಿಟ್ಟಾದರೂ ಯಾವುದು? ಡೋಣಿ ಸಾಲಿನ ಎರೆ ಹೊಲದಲ್ಲಿ ಹಿಂಗಾರಿಗೆ ಬೆಳೆದ ಬಿಳಿಜೋಳ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಅಂತ ನಮ್ಮ ಕಡೆ ಮಾತೇ ಇದೆ. ಪಿಜ್ಜಾ ಅಂಗಡಿಯ ಮೆನುವಿನಲ್ಲಿ ಹಿಟ್ಟು ಇಟಲಿಯದು ಅಂತ ಎರಡು ಸಾಲು ಇತ್ತು. ನಮ್ಮ ಖಾನಾವಳಿಯ ಬೋರ್ಡಿನಲ್ಲಿ ಜೋಳ ಎಲ್ಲಿಯದು, ಬಡಿದವರು ಯಾರು ಅಂತ ಬರೆದದ್ದನ್ನು ನಾನಂತೂ ನೋಡಿಲ್ಲ.

ಹಾಗಂತ ಪಿಜ್ಜಾ ಹುಟ್ಟಿದ್ದೇನೂ ಅರಮನೆಯಲ್ಲಲ್ಲ. ನೇಪಲ್ಸ್‌ನ ಬೀದಿಯಲ್ಲಿ ಕೂಲಿಯವರು, ಬಡವರು ನಿಂತು ತಿನ್ನುತ್ತಿದ್ದ ಅಗ್ಗದ ರೊಟ್ಟಿ ಅದು. 1889ರಲ್ಲಿ ರಾಣಿ ಮಾರ್ಗರಿಟಾಗೆ ರಫೇಲ್ ಎಸ್ಪೊಸಿಟೊ ಎಂಬ ಪಿಜ್ಜಾದವನು ಮಾಡಿಕೊಟ್ಟದ್ದಕ್ಕೆ ಮಾರ್ಗರಿಟಾ ಅಂತ ಹೆಸರು ಬಂತು ಅನ್ನುವುದು ಅಲ್ಲಿನವರು ಹೇಳುವ ಕಥೆ. 1984ರಲ್ಲಿ ಆ ಊರಿನವರು ಸಂಘ ಕಟ್ಟಿ, ಅಸಲಿ ಪಿಜ್ಜಾ ಅಂದರೆ ಹೀಗೇ ಇರಬೇಕು ಅಂತ ನಿಯಮ ಬರೆದರು. 2017ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಪಿಜ್ಜಾವನ್ನಲ್ಲ, ಅದನ್ನು ಮಾಡುವವರ ಕಲೆಯನ್ನು. ಇದು ನನಗೆ ಬಹಳ ಹಿಡಿಸಿತು. ಬಡವರ ರೊಟ್ಟಿ ದೊಡ್ಡದಾದದ್ದು ಮಾಡುವವರ ಕೈಗೆ ಹೆಸರು ಸಿಕ್ಕಿದ ಮೇಲೆ.

ನಮ್ಮಲ್ಲಿ ನಡೆಯುವುದು ನೋಡಿ. ಬೆಂಗಳೂರಿನ ಉತ್ತರ ಕರ್ನಾಟಕ ಖಾನಾವಳಿಯಲ್ಲಿ ಊಟಕ್ಕೆ ಎರಡು ರೊಟ್ಟಿ, ಮೂರನೆಯದಕ್ಕೆ ಬೇರೆ ದುಡ್ಡು ಅಂದರೆ ಜಗಳ ತೆಗೆಯುವವರು ನಾವೇ. ‘ಒಂದು ರೊಟ್ಟಿಗೆ ಇಪ್ಪತ್ತು ರೂಪಾಯಾ? ನಮ್ಮೂರಾಗ ಬುಟ್ಟಿ ತುಂಬ ಇಡ್ತಾರ’ ಅನ್ನುತ್ತೇವೆ. ಬುಟ್ಟಿ ತುಂಬಿಸಿದವಳಿಗೆ ಎಷ್ಟು ಸಿಕ್ಕಿತು ಅಂತ ಕೇಳುವುದಿಲ್ಲ. ಅದೇ ಬಾಯಿ ಪಿಜ್ಜಾಕ್ಕೆ ಎಕ್ಸ್‌ಟ್ರಾ ಚೀಸ್ ಅಂತ ನೂರು ರೂಪಾಯಿ ಸೇರಿಸಿದಾಗ ಸುಮ್ಮನಿರುತ್ತದೆ.

ಆ ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಪಿಜ್ಜಾ ತಿಂದದ್ದು ಹೇಳಿದೆ, ರೇಟು ಹೇಳಲಿಲ್ಲ. ಅವಳಿಗೆ ಬೇಕಿದ್ದೂ ರೇಟಲ್ಲ. ‘ಮೂರ ದಿನ ಹಿಟ್ಟ ಇಡ್ತಾರಾ? ಹುಳಿ ಆಗಂಗಿಲ್ಲೇನ?’ ಅಂದಳು. ‘ಹುಳಿ ಆಗ್ಲಿ ಅಂತನ ಇಡ್ತಾರವ್ವ’ ಅಂದೆ. ‘ಒಲಿ ಎಷ್ಟ ಕಾಸ್ತಾರ? ಕಟಗಿ ಯಾವ್ದು?’ ಹತ್ತು ನಿಮಿಷ ಬರೀ ಇದೇ ಪ್ರಶ್ನೆ. ಪಿಜ್ಜಾದ ಬಗ್ಗೆ ನಮ್ಮ ಎಕ್ಸೆಲ್ ಕೇಳದ ಪ್ರಶ್ನೆಗಳು. ಕೊನೆಗೆ ನಾನೇ ತಡೆಯಲಾರದೆ, ‘ಯವ್ವಾ, ನೀ ರೊಟ್ಟಿಗೆ ಐದು ಕೇಳು, ಭುಜ ಹಿಡಕೊಂಡು ಕುಂದ್ರತಿ ದಿನಾ’ ಅಂದೆ.

‘ಐದ ಕೇಳಿದ್ರ ಅವ್ರು ಊಟದ ರೇಟ ಏರಸ್ತಾರ’ ಅಂದಳು. ‘ಅಲ್ಲಿ ಉಣ್ಣಾಕ ಬರೋರು ಯಾರು? ಎಪಿಎಂಸಿ ಹಮಾಲರು, ಆಟೊದವ್ರು, ನಿಮ್ಮಂಥ ಸಾಲಿ ಹುಡುಗೂರು. ಅವ್ರೇನ ತಿನ್ನಬೇಕು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ಲೇಖನದ ಕಷ್ಟ ಇರುವುದೂ ಇಲ್ಲೇ. ಪಿಜ್ಜಾ ನಮಗೆ ಭಾನುವಾರದ ಊಟ, ರೊಟ್ಟಿ ದಿನದ ಊಟ. ದಿನದ ಊಟದ ಬೆಲೆ ಏರಿದರೆ ಮೊದಲು ಏಟು ಬೀಳುವುದು ಹಮಾಲನ ಹೊಟ್ಟೆಗೆ. ಏರಬಾರದು ಅಂದರೆ ಅಷ್ಟು ಅಗ್ಗವನ್ನು ಇಷ್ಟು ವರ್ಷ ತನ್ನ ಭುಜದ ಮೇಲೆ ಹೊತ್ತವಳು ಅವ್ವ. ಒಬ್ಬ ಬಡವನ ತಾಟಿಗೆ ಇನ್ನೊಬ್ಬಳ ಕೈಯಿಂದ ಸಬ್ಸಿಡಿ. ಇದನ್ನು ಯಾವ ಸರ್ಕಾರಿ ಲೆಕ್ಕದಲ್ಲೂ ಬರೆದಿಲ್ಲ.

ಆದರೆ ರೊಟ್ಟಿ ತಿನ್ನುವವರೆಲ್ಲ ಹಮಾಲರಲ್ಲ. ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳು ‘ಕಲಬುರಗಿ ರೊಟ್ಟಿ’ ಅನ್ನುವ ಹೆಸರಿಟ್ಟು ಮಾರುತ್ತಿವೆ. 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಅದರ ಮಾತು ಬಂತು. ಬಡಿದವರದೇ ಹೆಸರು, ಅವರದೇ ಪ್ಯಾಕೆಟ್ಟು. ವಿಜಯಪುರದಲ್ಲೂ ಮದುವೆಗೆ, ಗೃಹಪ್ರವೇಶಕ್ಕೆ ಐನೂರು, ಸಾವಿರ ರೊಟ್ಟಿ ಆರ್ಡರ್ ಕೊಡುವವರಿದ್ದಾರೆ. ಬೆಂಗಳೂರಿನ ಸಾಫ್ಟ್‌ವೇರ್ ಮಗನಿಗೆ ಖಡಕ್ ರೊಟ್ಟಿ ಕಟ್ಟಿ ಕಳಿಸುವವರಿದ್ದಾರೆ. ಇವರು ಚೌಕಾಸಿ ಮಾಡಬೇಕಾಗಿಲ್ಲ. ಪಿಜ್ಜಾ ಹುಡುಕಲು ಒಂದು ಭಾನುವಾರ ಮೆಟ್ರೊ ಹತ್ತುವ ನಾವಂತೂ ಮಾಡಲೇಬಾರದು.

ನಾಲ್ಕನೇ ಭಾನುವಾರ ಪಿಜ್ಜಾ ಹುಡುಕಲು ನಾವು ಹೋಗಲಿಲ್ಲ. ತಿಂಗಳ ಕೊನೆ, ಯಾರ ಹತ್ತಿರವೂ ದುಡ್ಡಿರಲಿಲ್ಲ. ಅವತ್ತು ರೂಮಿನಲ್ಲಿ ಅವ್ವನ ಕೆಲಸದ ವಿಷಯ ಹೇಳಿದೆ. ಪುತ್ತೂರಿನವನು ‘ಮೊದಲೇ ಹೇಳುದಲ್ವ ಮಾರಾಯ’ ಅಂದ. ಮಂಡ್ಯದವನು ‘ನಿನ್ ಡಬ್ಬಿಲಿದ್ದ ರೊಟ್ಟಿ ಅವ್ರೇ ಮಾಡಿದ್ದಾ?’ ಅಂತ ಕೇಳಿ, ಬಂದ ದಿನ ಅದನ್ನು ಹಪ್ಪಳ ಅಂದುಕೊಂಡು ಮುರಿದು ತಿಂದದ್ದನ್ನು ನೆನೆಸಿಕೊಂಡು ನಕ್ಕ.

ಊರಿಗೆ ಬಂದ ಮೇಲೆ ನಾನೂ ಅವ್ವನೂ ಖಾನಾವಳಿಗೆ ಹೋದೆವು. ನಾನು ಐದರ ಮಾತು ಎತ್ತುವ ಮೊದಲೇ ಅವಳು ಮಾತಾಡಿದಳು. ‘ಕಾಕಾ, ಕುಂತ ಉಣ್ಣೋರ ರೊಟ್ಟಿಗಿ ಮೂರ ಇರ್ಲಿ. ಪಾರ್ಸಲ್‌ಗಿ, ಮದವಿ ಆರ್ಡರಿಗಿ ನನಗ ಆರ ಕೊಡ್ರಿ.’ ಅವರು ಕ್ಯಾಶ್ ಡ್ರಾವರ್ ನೋಡಿದರು, ಬುಟ್ಟಿ ನೋಡಿದರು. ಬಹಳ ಹೊತ್ತಿನ ಮೇಲೆ ಐದಕ್ಕೆ ಒಪ್ಪಿದರು, ಬರುವ ತಿಂಗಳ ಒಂದನೇ ತಾರೀಖಿನಿಂದ.