ಒಂಬತ್ತೇ ಜನ ಸಾರ್!

ಪೀಣ್ಯದ ಗಲ್ಲಿಗಳ ಪ್ರೆಸ್ ಶಾಪ್‌ಗಳಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ ಅಂತ ಕೇಳಿದರೆ ಒಂದು ಉತ್ತರ ಪದೇ ಪದೇ ಕಿವಿಗೆ ಬೀಳುತ್ತೆ: 'ಒಂಬತ್ತೇ ಜನ ಸಾರ್'. ಒಳಗೆ ನೋಡಿದರೆ ಹದಿನಾಲ್ಕು ತಲೆ. ಹತ್ತು ಜನ ಆದರೆ ಇಎಸ್‌ಐ ಕಾನೂನು ಅನ್ವಯಿಸುತ್ತೆ, 15 ದಿನದೊಳಗೆ ಮಾಲೀಕ ನೋಂದಣಿ ಮಾಡಿಸಬೇಕು. ಹಾಗಾಗಿ ಹತ್ತನೆಯವನು ಯಾವಾಗಲೂ 'ನಿನ್ನೆ ತಾನೇ ಬಂದವನು'!

ಇಷ್ಟೆಲ್ಲ ನಾಟಕ ಎಷ್ಟು ದುಡ್ಡಿಗೆ ಗೊತ್ತಾ? 2019ರ ಜುಲೈನಲ್ಲಿ ಮಾಲೀಕರ ಪಾಲನ್ನು ಶೇ. 4.75ರಿಂದ 3.25ಕ್ಕೆ ಇಳಿಸಿದರು. 15,000 ಸಂಬಳದವನಿಗೆ ತಿಂಗಳಿಗೆ 487 ರೂಪಾಯಿ 50 ಪೈಸೆ. ನಾವು ಇಂದಿರಾನಗರದಲ್ಲಿ ಒಂದು ಗ್ಲಾಸ್ ಬಿಯರಿಗೆ ಹೆಚ್ಚುಕಮ್ಮಿ ಅಷ್ಟೇ ಕೊಡೋದು.

ನಮ್ಮೂರಿನ ಹುಡುಗನೊಬ್ಬ ಐಟಿಐ ಮುಗಿಸಿ ಬಂದು ಪವರ್ ಪ್ರೆಸ್ಸಿಗೆ ಬಲಗೈಯ ಎರಡು ಬೆರಳು ಕೊಟ್ಟ. ಮಾಲೀಕ ಕೆಟ್ಟವನೇನಲ್ಲ. ತನ್ನ ಕಾರಿನಲ್ಲೇ ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋದ, ಬಿಲ್ ಕಟ್ಟಿದ, ಕೈಗೆ ಇಪ್ಪತ್ತು ಸಾವಿರ ಇಟ್ಟ. 'ದೇವರಂಥ ಮನುಷ್ಯ' ಅಂತ ಹುಡುಗನ ಅಪ್ಪ ಕೈ ಮುಗಿದರು. ನನಗೆ ಮೈ ಉರಿಯೋದು ಇಲ್ಲೇ. ನೋಂದಣಿ ಆಗಿದ್ದಿದ್ದರೆ ಗಾಯ ವಾಸಿಯಾಗೋವರೆಗೆ ದಿನಗೂಲಿಯ ಶೇ. 90 ಬರ್ತಿತ್ತು. ಆಮೇಲೆ ದುಡಿಯೋ ಶಕ್ತಿ ಎಷ್ಟು ಹೋಯ್ತೋ ಅದರ ಲೆಕ್ಕದಲ್ಲಿ ಜೀವಮಾನವಿಡೀ ತಿಂಗಳ ಹಣ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಸರಿ. ಹಕ್ಕಾಗಿ ಬರಬೇಕಾದ್ದನ್ನು ಭಿಕ್ಷೆ ಮಾಡಿ ಕೊಟ್ಟವನಿಗೆ ದೇವರ ಪಟ್ಟ!

'ನಮ್ಮಲ್ಲಿ ಮೆಡಿಕ್ಲೈಮ್ ಇದೆ ಗುರು' ಅನ್ನೋ ಸ್ಟಾರ್ಟಪ್ ಗೆಳೆಯರೇ, ಮೆಡಿಕ್ಲೈಮ್ ಆಸ್ಪತ್ರೆ ಬಿಲ್ ಕಟ್ಟುತ್ತೆ, ಹೋದ ಬೆರಳಿಗೆ ಸಂಬಳ ಕೊಡಲ್ಲ. 'ನಾವೆಲ್ಲ ಲಕ್ಷದ ಮೇಲೆ ತಗೊಳ್ಳೋರು, ನಮಗೆ ಬರಲ್ಲ' ಅನ್ನೋದೂ ಪೂರ್ತಿ ನಿಜ ಅಲ್ಲ. 21,000ದ ಮಿತಿ ಇರೋದು ಯಾರಿಗೆ ಸೌಲಭ್ಯ ಅನ್ನೋದಕ್ಕೆ. ಹತ್ತು ತಲೆ ಎಣಿಸುವಾಗ ನೀವೂ ಲೆಕ್ಕಕ್ಕಿದ್ದೀರಿ, ಟೀ ತಂದುಕೊಡೋ ಹುಡುಗನೂ ಇದ್ದಾನೆ. ಅಷ್ಟಕ್ಕೂ 2020ರ ಫೆಬ್ರವರಿಯಿಂದ ಹೊಸ ಕಂಪನಿ ರಿಜಿಸ್ಟರ್ ಮಾಡಿಸುವಾಗಲೇ ಇಎಸ್‌ಐ ನಂಬರ್ ಜೊತೆಗೇ ಬರುತ್ತೆ. ಅದರೊಳಗೆ ಒಬ್ಬರ ಹೆಸರೂ ಸೇರಿಸದೆ ಬಿಟ್ಟರೆ, ರೆಪೊ ಕ್ರಿಯೇಟ್ ಮಾಡಿ ಒಂದು ಕಮಿಟ್ಟೂ ಹಾಕದೆ 'ಪ್ರಾಜೆಕ್ಟ್ ಮುಗೀತು' ಅಂದ ಹಾಗೆ.

ಹತ್ತಕ್ಕಿಂತ ಕಮ್ಮಿ ಇದ್ದರೂ ಮಾಲೀಕ ಪಾರಲ್ಲ. ಕಾನೂನಿನ ಪ್ರಕಾರ ಪರಿಹಾರವನ್ನು ಕೈಯಿಂದಲೇ ಕೊಡಬೇಕು. ಆದರೆ ಅದನ್ನು ವಸೂಲಿ ಮಾಡೋಕೆ ಬೆರಳು ಕಳಕೊಂಡವನೇ ಫೈಲು ಹಿಡಿದು ಅಲೆಯಬೇಕು.

ನಮ್ಮಾಫೀಸಿನ ಹೌಸ್‌ಕೀಪಿಂಗ್ ಅಕ್ಕನ ಇಎಸ್‌ಐ ಚಾಲ್ತಿಯಲ್ಲಿದೆಯಾ ಅಂತ ಒಮ್ಮೆ ಕೇಳಿದ್ದಕ್ಕೆ ಅಡ್ಮಿನ್‌ನವರು 'ಅದು ವೆಂಡರ್ ನೋಡ್ಕೋತಾರೆ' ಅಂದರು. ಕಾನೂನು ಹಾಗೆ ಹೇಳಲ್ಲ. ಗುತ್ತಿಗೆಯವರ ಕಂತು ಕಟ್ಟೋ ಮೊದಲ ಹೊಣೆ ಮೂಲ ಮಾಲೀಕನದು, ಆಮೇಲೆ ವೆಂಡರ್ ಹತ್ತಿರ ಹಿಡಿದುಕೊಳ್ಳಲಿ. ಕಟ್ಟದೇ ಇದ್ದಾಗ ಪೆಟ್ಟಾದರೂ ನಿಗಮ ಪರಿಹಾರ ಕೊಟ್ಟು ಮಾಲೀಕನಿಂದ ವಸೂಲಿ ಮಾಡಬಹುದು. ಇದನ್ನು ಆ ಅಕ್ಕನಿಗೆ ನೀವೇ ಹೇಳಿ, ವೆಂಡರ್ ಹೇಳಲ್ಲ.