ಊಹೆಯ ನುಡಿಯೂ ಹಿಂಸೆಯೇ

ಸತ್ಯಾಣುವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅವುಗಳಲ್ಲಿ ಕೊನೆಯದು ಸಾಕಾರಮಂತ್ರಭೇದ. ಪರರ ಮುಖಭಾವ, ಅಂಗಚೇಷ್ಟೆಗಳಿಂದ ಅವರ ಅಂತರಂಗವನ್ನು ಊಹಿಸಿ, ಮಾತ್ಸರ್ಯದಿಂದ ಬಯಲು ಮಾಡುವುದು ಎಂದು ಇದರ ಅರ್ಥ. ಊಹೆ ನಿಜವಾಗಿದ್ದರೂ ಇದು ದೋಷವೇ. ಇನ್ನು ನಿಜವೋ ಸುಳ್ಳೋ ತಿಳಿಯದ ಊಹೆಯ ಗತಿಯೇನು?

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ವಿಮಾನವು ಕ್ಷಣಗಳಲ್ಲೇ ನೆಲಕ್ಕುರುಳಿತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಬದುಕುಳಿದವರು ಒಬ್ಬರೇ. ನೆಲದ ಮೇಲಿದ್ದವರೂ ಸೇರಿ 260 ಜೀವಗಳು ಅಳಿದವು. ಅವಶೇಷಗಳ ಬಿಸಿ ಆರುವ ಮೊದಲೇ ಕಾರಣಗಳ ಸುರಿಮಳೆಯಾಯಿತು. ಹಕ್ಕಿ ಬಡಿಯಿತೆಂದರು, ರೆಕ್ಕೆಯ ಫ್ಲಾಪ್ ಇಳಿಸಲು ಮರೆತರೆಂದರು. ಒಂದು ತಿಂಗಳ ಬಳಿಕ ಬಂದ ಪ್ರಾಥಮಿಕ ವರದಿಯು, ಹಾರಾಟದ ಪಥದಲ್ಲಿ ಗಮನಾರ್ಹ ಹಕ್ಕಿಗಳ ಸಂಚಾರ ಕಂಡುಬಂದಿಲ್ಲವೆಂದೂ ಫ್ಲಾಪ್‌ನ ಹಿಡಿಕೆ ಸಹಜ ಸ್ಥಾನದಲ್ಲೇ ಇತ್ತೆಂದೂ ತಿಳಿಸಿತು.

ಅದೇ ವರದಿಯಲ್ಲಿ ಮತ್ತೊಂದು ಸಂಗತಿಯಿತ್ತು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ನಿಲುಗಡೆಯ ಸ್ಥಾನಕ್ಕೆ ಸರಿದಿದ್ದವು. ಏಕೆ ನಿಲ್ಲಿಸಿದೆಯೆಂದು ಒಬ್ಬ ಪೈಲಟ್ ಕೇಳಿದರು. ನಾನು ನಿಲ್ಲಿಸಿಲ್ಲವೆಂದು ಮತ್ತೊಬ್ಬರು ಉತ್ತರಿಸಿದರು. ಯಾವ ಧ್ವನಿ ಯಾರದೆಂದು ವರದಿ ಹೇಳಲಿಲ್ಲ. ಸ್ವಿಚ್ ಸರಿದುದೇಕೆಂದೂ ಹೇಳಲಿಲ್ಲ. ವರದಿ ಬಿಟ್ಟ ಆ ಖಾಲಿ ಜಾಗವನ್ನು ಕೆಲವು ಸುದ್ದಿಮನೆಗಳು ಮೃತ ಪೈಲಟ್‌ನ ಹೆಸರಿನಿಂದ ತುಂಬಿದವು. ಆತನ ಮನಃಸ್ಥಿತಿಯನ್ನೂ ಚರ್ಚಿಸಿದವು. ಇದು ಸಾಕಾರಮಂತ್ರಭೇದವಲ್ಲದೆ ಮತ್ತೇನು? ಸತ್ತವನು ಎದ್ದು ಬಂದು ಉತ್ತರಿಸಲಾರ. ಆತನ ವೃದ್ಧ ತಂದೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ಬಸದಿಯ ಜಗಲಿಯಲ್ಲಿ ಕುಳಿತು, 'ಪೈಲಟ್ಟೇ ಮಾಡಿದ್ದಂತೆ' ಎಂದು ನಾನೂ ನುಡಿದೆ. ಆ 'ಅಂತೆ' ನನ್ನನ್ನು ದೋಷದಿಂದ ಪಾರುಮಾಡದು. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಕರ್ಮಾಸ್ರವವಾಗುತ್ತದೆ. ಬರೆದವನದು ಕೃತ, ಬರೆಯಿಸಿದವನದು ಕಾರಿತ, ಆಸಕ್ತಿಯಿಂದ ಓದಿ ಮುಂದಕ್ಕೆ ಕಳುಹಿಸಿದ ನಮ್ಮದು ಅನುಮೋದನ.

ಹಾಗಾದರೆ ಪತ್ರಿಕೆಗಳು ಮೌನವಾಗಿರಬೇಕೆ? ಖಂಡಿತ ಇಲ್ಲ. ವಿಮಾನ ತಯಾರಿಸಿದವರನ್ನು, ನಡೆಸಿದವರನ್ನು, ನಿಯಂತ್ರಿಸುವವರನ್ನು ಪ್ರಶ್ನಿಸುವುದು ಪತ್ರಿಕಾಧರ್ಮ. ತನಿಖೆ ವಿಳಂಬವಾದರೆ ಎಚ್ಚರಿಸುವುದೂ ಅದರ ಕರ್ತವ್ಯ. ಆದರೆ ಪ್ರಶ್ನೆ ಬೇರೆ, ತೀರ್ಪು ಬೇರೆ. ಅಂತರರಾಷ್ಟ್ರೀಯ ವಿಮಾನಯಾನ ನಿಯಮದಂತೆ ಅಪಘಾತ ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ದೋಷ ಹೊರಿಸುವುದಲ್ಲ. ಒಬ್ಬನ ಮೇಲೆ ತಪ್ಪು ಹೊರಿಸಿ ನಿಶ್ಚಿಂತರಾದರೆ ನಿಜವಾದ ಕಾರಣ ಮರೆಯಲ್ಲೇ ಉಳಿದು, ಇನ್ನಷ್ಟು ಜೀವಗಳನ್ನು ಬಲಿ ಕೇಳೀತು.

ವಸ್ತುವು ಅನೇಕ ಧರ್ಮಗಳಿಂದ ಕೂಡಿದ್ದು, ನಮ್ಮ ಅರಿವು ಅದರ ಒಂದು ಅಂಶವನ್ನು ಮಾತ್ರ ಮುಟ್ಟುತ್ತದೆ ಎಂಬುದೇ ಅನೇಕಾಂತದ ಪಾಠ. ಉಳಿದ ವ್ರತಗಳೆಲ್ಲ ಅಹಿಂಸೆಯೆಂಬ ಪೈರಿಗೆ ಕಟ್ಟಿದ ಬೇಲಿ ಎನ್ನುತ್ತಾರೆ ಹಿರಿಯರು. ಸತ್ಯದ ಬೇಲಿ ಮುರಿದಾಗ ತುಳಿತಕ್ಕೊಳಗಾಗುವುದು ಯಾವುದೋ ಮನೆಯ ಶೋಕತಪ್ತ ಜೀವ. ಸಂಜೆಯ ಪ್ರತಿಕ್ರಮಣದಲ್ಲಿ ಅಂದು ಆಡಿದ ಮಾತುಗಳನ್ನು ನೆನೆಯುವಾಗ, ಅಂದು ಮುಂದಕ್ಕೆ ಕಳುಹಿಸಿದ ಸುದ್ದಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ.