ಒಂದೇ ಹಾಡಿನವರಂತೆ!

‘ಜಿಮ್ಮಿ ಈಟ್ ವರ್ಲ್ಡಾ? ಓ, ಆ ಒಂದೇ ಹಾಡಿನವರು ತಾನೇ?’ ಅಂತ ಇಯರ್‌ಫೋನ್ ಕೂಡ ತೆಗೆಯದೆ ತೀರ್ಪು ಕೊಡುವ ಸಹೋದ್ಯೋಗಿಗಳ ಜೊತೆ ನನ್ನದೊಂದು ತಕರಾರಿದೆ.

ಅಮೆರಿಕದ ಅರಿಜೋನಾದಲ್ಲಿ, ಮೇಸಾ ಅನ್ನೋ ಊರಲ್ಲಿ 1993ರಲ್ಲಿ ಹುಟ್ಟಿದ ಬ್ಯಾಂಡ್ ಇದು. ಇಮೋ ಅಂದ್ರೆ ಪಂಕ್‌ನ ಗದ್ದಲದೊಳಗೆ ಮನಸ್ಸಿನ ಕಳವಳ ಹಾಡೋದು. ಅಳುಬುರುಕರ ಸಂಗೀತ ಅಂತ ಗೇಲಿ ಮಾಡೋರು ಇದ್ದೇ ಇದ್ದಾರೆ, ಬಿಡಿ. ಕ್ಯಾಪಿಟಲ್ ಕಂಪನಿ 1999ರಲ್ಲಿ ಇವರ ‘ಕ್ಲಾರಿಟಿ’ ಹೊರತಂದು, ಆಮೇಲೆ ಇವರನ್ನೇ ಕೈಬಿಟ್ಟಿತು. ಅದರ ಕೊನೆಯ ಹಾಡು ಹದಿನಾರು ನಿಮಿಷ! ಯಾವ ಮಾರ್ಕೆಟಿಂಗ್‌ನವನು ಒಪ್ತಾನೆ ಹೇಳಿ? ಇವತ್ತು ಇಮೋ ಕೇಳುವವರು ತಲೆ ಮೇಲೆ ಹೊತ್ತು ಮೆರೆಸೋದು ಅದೇ ಆಲ್ಬಮನ್ನ.

ಬ್ಯಾಂಡ್ ಒಡೀಲಿಲ್ಲ. ಹಾಡುಗಾರ ಜಿಮ್ ಅಡ್ಕಿನ್ಸ್ ಚಿತ್ರಕಲೆ ಸಾಮಾನು ಮಾರಿದರು, ಗಿಟಾರಿನ ಟಾಮ್ ಲಿಂಟನ್ ಕಟ್ಟಡ ಕೆಲಸಕ್ಕೆ ಹೋದರು. ಸ್ವಂತ ದುಡ್ಡಲ್ಲಿ ‘ಬ್ಲೀಡ್ ಅಮೆರಿಕನ್’ ರೆಕಾರ್ಡ್ ಮಾಡಿದರು. ಪ್ರೊಡ್ಯೂಸರ್ ಮಾರ್ಕ್ ಟ್ರಂಬಿನೊ, ನನ್ನ ದುಡ್ಡು ಆಮೇಲೆ ಕೊಡಿ ಅಂದ್ರು. 2001ರಲ್ಲಿ ಡ್ರೀಮ್‌ವರ್ಕ್ಸ್ ಬಿಡುಗಡೆ ಮಾಡಿತು. ಆ ‘ಒಂದೇ ಹಾಡು’, ‘ದ ಮಿಡ್ಲ್’, ಮರುವರ್ಷ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು. ಇದನ್ನ ಲಾಟರಿ ಅನ್ನೋರಿಗೆ, ಮಳೆ ಕೈಕೊಟ್ಟ ವರ್ಷ ಬಾವಿ ತೋಡಿ ಬೆಳೆ ತೆಗೆದವನ ಕಷ್ಟ ಗೊತ್ತಿಲ್ಲ, ಅಷ್ಟೇ.

1995ರಿಂದ ಅದೇ ನಾಲ್ವರು. 2019ರಲ್ಲಿ ಹತ್ತನೇ ಆಲ್ಬಮ್, ‘ಸರ್ವೈವಿಂಗ್’. ನಮ್ಮಲ್ಲೋ, ಮೂರು ವರ್ಷ ಒಂದೇ ಟೀಮಲ್ಲಿದ್ರೆ ‘ಯಾಕೆ, ಬೇರೆ ಕಡೆ ಸಿಗಲಿಲ್ವಾ?’ ಅಂತಾರೆ. ಇವರನ್ನ ಮುಗಿದುಹೋದವರು ಅನ್ನೋದೂ ಅಂಥವರೇ. ಮೊದಲು ಆ ಹದಿನಾರು ನಿಮಿಷ ಸ್ಕಿಪ್ ಮಾಡದೆ ಕೇಳಿ ಸ್ವಾಮಿ, ಆಮೇಲೆ ಕ್ಯಾಂಟೀನಿಗೆ ಜಗಳಕ್ಕೆ ಬನ್ನಿ.